ನೀರಿಗೂ ದಾರಿ ಬಿಡುವ ರಸ್ತೆ

ಕುಮಟಾ ತಾಲ್ಲೂಕಿನ ಗಜನಿ ಗದ್ದೆಯ ರೈತರಿಗೆ ಒಡ್ಡಿನ ಮರ್ಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಘನಾಶಿನಿಯ ಅಳಿವೆ ಬಯಲಿನಲ್ಲಿ ದಿನಕ್ಕೆರಡು ಸಲ ಉಪ್ಪುನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಮಳೆ ಹಿಡಿದ ಮೇಲೆ ಒಡ್ಡಿನ ಬಾಗಿಲು ಹಾಕಿ ಉಪ್ಪುನೀರನ್ನು ಹೊರಗೆ ನಿಲ್ಲಿಸಿ, ಮಳೆನೀರಿನಲ್ಲಿ ಗದ್ದೆಯ ಉಪ್ಪು ತೊಳೆಸಿ ಕಗ್ಗ ಭತ್ತ ಬಿತ್ತುತ್ತಾರೆ. ಕೊಯ್ಲಾದ ಮೇಲೆ ಅದೇ ಬಾಗಿಲು ತೆಗೆದು ಉಪ್ಪುನೀರಿನ ಜೊತೆ ಶೆಟ್ಲಿ (ಸಿಗಡಿ), ಮೀನುಗಳನ್ನು ಒಳಕ್ಕೆ ಬಿಟ್ಟುಕೊಳ್ಳುತ್ತಾರೆ. ಒಂದೇ ನೆಲದಲ್ಲಿ ಅರ್ಧ ವರ್ಷ ಬೇಸಾಯ, ಅರ್ಧ ವರ್ಷ ಮೀನುಗಾರಿಕೆ. ಈ ವ್ಯವಸ್ಥೆ ನಿಂತಿರುವುದು ಒಡ್ಡಿನ ಬಲದ ಮೇಲೆ ಎಷ್ಟೋ, ಒಡ್ಡಿಗೆ ಇಟ್ಟ ಬಾಗಿಲಿನ ಮೇಲೆಯೂ ಅಷ್ಟೇ.

ಇಂಥ ಬಯಲಿನ ನಡುವೆ ಮಣ್ಣು ತುಂಬಿ, ಜಲ್ಲಿ ಹಾಸಿ, ಡಾಂಬರು ಹಾಕಿದ ರಸ್ತೆಯೂ ಒಂದು ಒಡ್ಡೇ. ಆದರೆ ಅದಕ್ಕೆ ಬಾಗಿಲಿಡಬೇಕು ಎಂಬ ಯೋಚನೆ ಅಂದಾಜು ಪಟ್ಟಿ ಬರೆಯುವವರಿಗೆ ಬರುವುದು ಕಡಿಮೆ. ನಕ್ಷೆಯಲ್ಲಿ ಹೊಳೆಯನ್ನು ಒಂದು ನೀಲಿ ಗೆರೆಯಾಗಿ ತೋರಿಸಿರುತ್ತಾರೆ. ಆ ಗೆರೆಯನ್ನು ರಸ್ತೆ ದಾಟುವ ಜಾಗದಲ್ಲಿ ಒಂದು ಸೇತುವೆ, ಉಳಿದ ಬಯಲಿಗೆಲ್ಲ ಮಣ್ಣು. ಹೊಳೆ ವರ್ಷದ ಎಂಟು ತಿಂಗಳು ಆ ಗೆರೆಯೊಳಗೇ ಇರುವುದು ನಿಜ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಬಯಲಿಡೀ ಹೊಳೆಯೇ. ಸೇತುವೆಯನ್ನು ಎಂಟು ತಿಂಗಳ ಹೊಳೆಗೆ ಕಟ್ಟಿ, ನಾಲ್ಕು ತಿಂಗಳ ಹೊಳೆಗೆ ಗೋಡೆ ಎಬ್ಬಿಸುವುದೇ ನಮ್ಮ ಬಹುಪಾಲು ರಸ್ತೆಗಳ ಕಥೆ.

2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮನ್ನಣೆ ಬಂತು. ಅದರ ಜೊತೆಗೇ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೂಡ ಪಟ್ಟಿ ಸೇರಿದವು. ರಂಗನತಿಟ್ಟು 2022ರಲ್ಲೇ ಸೇರಿತ್ತು. ಅಳಿವೆಯ 4,801 ಹೆಕ್ಟೇರ್ ಈಗ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಆರರಿಂದ ಏಳೂವರೆ ಸಾವಿರ ಕುಟುಂಬಗಳು ಮೀನು, ಏಡಿ, ಬಳಚು (ಚಿಪ್ಪುಜೀವಿ), ಗಜನಿ ಬೇಸಾಯ, ಉಪ್ಪು ಎಂದು ಇದನ್ನೇ ನಂಬಿಕೊಂಡಿವೆ. ಹೀಗೆ ಜನ ತುಂಬಿದ ಜಾಗಕ್ಕೆ ರಸ್ತೆಯೇ ಬೇಡ ಎನ್ನುವುದು ಊರಲ್ಲಿ ಕೂತವರಿಗೆ ಸುಲಭ. ಹೊಳೆ ನಡುವಿನ ಕುರ್ವೆಯಲ್ಲಿ ಮನೆ ಮಾಡಿಕೊಂಡು, ಹೆರಿಗೆ ನೋವಿನ ಹೆಂಗಸನ್ನು ದೋಣಿಯಲ್ಲಿ ಮಲಗಿಸಿ ದಡ ಮುಟ್ಟಿಸಬೇಕಾದವರಿಗೆ ಅಲ್ಲ. ರಸ್ತೆ ಬೇಕೋ ಬೇಡವೋ ಎಂಬ ಜಗಳ ಎರಡೂ ಕಡೆಯವರಿಗೆ ಘೋಷಣೆ ಕೂಗಲು ಅನುಕೂಲವಾಗಿದೆ. ಎಂಥ ರಸ್ತೆ ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳುವವರು ಮಾತ್ರ ಯಾರೂ ಇಲ್ಲ.

ಎಂಥ ರಸ್ತೆ ಎಂದು ಕೇಳದೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾದಲ್ಲಿ ಸುಮಾರು ನೂರು ವರ್ಷದ ಪಾಠವಿದೆ. ಪಶ್ಚಿಮದ ಟ್ಯಾಂಪಾದಿಂದ ಪೂರ್ವದ ಮಯಾಮಿಗೆ ಹೋಗುವ ಟಮಯಾಮಿ ಟ್ರೇಲ್ ಹೆದ್ದಾರಿ 1928ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ದಾರಿಯಲ್ಲಿ ಎವರ್‌ಗ್ಲೇಡ್ಸ್ ಇತ್ತು. ಎವರ್‌ಗ್ಲೇಡ್ಸ್ ನೋಡಲು ಜೌಗಿನಂತಿದ್ದರೂ ನಡತೆಯಲ್ಲಿ ನದಿ: ಓಕಿಚೋಬೀ ಸರೋವರದ ಕಡೆಯಿಂದ ದಕ್ಷಿಣದ ಕಡಲಿಗೆ, ಹತ್ತಾರು ಮೈಲಿ ಅಗಲಕ್ಕೆ ಹರಡಿಕೊಂಡು, ಮೊಣಕಾಲುದ್ದವೂ ಇಲ್ಲದ ನೀರು ಹುಲ್ಲಿನ ನಡುವೆ ತೆವಳುತ್ತಾ ಹೋಗುತ್ತದೆ. ಇಳಿಜಾರು ಮೈಲಿಗೆ ಎರಡು ಮೂರು ಅಂಗುಲ ಅಷ್ಟೆ. ಅಂಥ ನೀರಿಗೆ ಮೊಣಕಾಲೆತ್ತರದ ಮಣ್ಣಿನ ದಿಬ್ಬ ಅಡ್ಡ ಬಂದರೂ ಸಾಕು, ಅದು ಅಣೆಕಟ್ಟೇ.

ಆ ದಿಬ್ಬಕ್ಕೆ ಬೇಕಾದ ಕಲ್ಲುಮಣ್ಣನ್ನು ಅಲ್ಲಿಯೇ ತೆಗೆದರು. ಸುಣ್ಣಕಲ್ಲಿನ ಹಾಸಿಗೆ ಡೈನಮೈಟ್ ಇಟ್ಟು ಸಿಡಿಸಿ, ಒಡೆದದ್ದನ್ನು ಬಾಚಿ ಪಕ್ಕದಲ್ಲಿ ರಾಶಿ ಹಾಕುತ್ತಾ ಮುಂದೆ ಸಾಗಿದರು. ಬಾಚಿದ ಜಾಗ ಕಾಲುವೆಯಾಯಿತು, ರಾಶಿ ರಸ್ತೆಯಾಯಿತು. ಖರ್ಚಿನ ಲೆಕ್ಕದಲ್ಲಿ ಜಾಣತನವೇ. ಆದರೆ ನೀರಿಗೆ ಎರಡು ಏಟು ಬಿತ್ತು. ದಿಬ್ಬ ಅದನ್ನು ತಡೆಯಿತು, ದಿಬ್ಬದ ಪಕ್ಕದ ಕಾಲುವೆ ಅದನ್ನು ಬೇರೆ ದಿಕ್ಕಿಗೆ ಎಳೆಯಿತು.

ರಸ್ತೆಯ ಅಡಿ ಮೋರಿಗಳಿರಲಿಲ್ಲ ಎಂದಲ್ಲ, ಸಾಲು ಸಾಲಾಗಿ ಇದ್ದವು. ಹಾಳೆಯಂತೆ ಹರಡಿ ಬರುವ ನೀರನ್ನು ಅವು ಅಲ್ಲೊಂದು ಇಲ್ಲೊಂದು ತೂತಿನಲ್ಲಿ ತುರುಕಿದವು. ಮೋರಿಯ ಬಾಯಲ್ಲಿ ನೀರು ಚಿಮ್ಮಿತು, ಎರಡು ಮೋರಿಗಳ ನಡುವಿನ ಬಯಲು ಒಣಗಿತು. ಮುಂದೆ ಶತಮಾನದ ಮಧ್ಯದಲ್ಲಿ ಕಾಲುವೆ, ಏರಿಗಳ ಜಾಲವೂ ಸೇರಿಕೊಂಡಿತು. ರಸ್ತೆಯ ಉತ್ತರಕ್ಕೆ ನೀರು ನಿಂತು ಮರದ ದಿಣ್ಣೆಗಳು ಮುಳುಗಿ ಕೊಳೆತವು. ಅವುಗಳ ಮೇಲೆ ತಲೆಮಾರುಗಳಿಂದ ಬಾಳಿದ್ದ ಮಿಕ್ಕಸೂಕಿ ಬುಡಕಟ್ಟಿನವರು ಇಂದಿಗೂ ಅದರ ತಕರಾರು ಹೇಳುತ್ತಾರೆ. ದಕ್ಷಿಣಕ್ಕೆ, 1947ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಉದ್ಘಾಟನೆಯಾದ ಭಾಗದಲ್ಲಿ, ಜೌಗಿನ ಮಣ್ಣು ಒಣಗಿ ಬೆಂಕಿ ಬೀಳತೊಡಗಿತು. ಸಿಹಿನೀರು ಸಾಕಷ್ಟು ಬಾರದೆ, ನೀರು ಕೊನೆಗೆ ಸೇರುವ ಕೊಲ್ಲಿಯ ಉಪ್ಪು ಏರಿತು. ಕಾನೂನಿನ ರಕ್ಷಣೆ ಉದ್ಯಾನದ ಗಡಿಯೊಳಗೆ ಭದ್ರವಾಗಿತ್ತು. ನೀರನ್ನು ಮಾತ್ರ ಗಡಿಯಂಚಿನ ರಸ್ತೆ ಹಿಡಿದಿಟ್ಟಿತ್ತು.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ ಇನ್ನೊಂದಿದೆ. ಉದ್ಯಾನಕ್ಕೆ ನೀರು ಬಿಡಬೇಕು ಎಂದು ಎಲ್ಲರೂ ಒಪ್ಪಿದ ಮೇಲೂ ಬಿಡಲಾಗಲಿಲ್ಲ. ಕಾರಣ, ರಸ್ತೆ ಪಕ್ಕದ ಕಾಲುವೆಯ ಮಟ್ಟ ಏಳೂವರೆ ಅಡಿ ದಾಟಿದರೆ ರಸ್ತೆಯ ಅಡಿಪಾಯ ನೆನೆದು ಕುಸಿಯುತ್ತದೆ. ನೀರಿನ ಮಟ್ಟವನ್ನು ಜೌಗು ತೀರ್ಮಾನಿಸುವ ಬದಲು ಡಾಂಬರು ತೀರ್ಮಾನಿಸುತ್ತಿತ್ತು. ಕೊನೆಗೆ 2013ರಲ್ಲಿ ರಸ್ತೆಯ ಒಂದು ಮೈಲಿ ಕಿತ್ತು ಸೇತುವೆಯ ಮೇಲೆ ಎತ್ತಿದರು. 2019ರ ಹೊತ್ತಿಗೆ ಮತ್ತೆ ಎರಡು ಮೈಲಿಗೂ ಹೆಚ್ಚು. ಉಳಿದ ಭಾಗವನ್ನು ಎತ್ತರಿಸಿ ಗಟ್ಟಿ ಮಾಡುವ ಕೆಲಸ ಅದರ ಬೆನ್ನಿಗೆ ಬಂತು, ಕಾಲುವೆಯ ಮಟ್ಟವನ್ನು ಎಂಟೂವರೆ ಅಡಿಗೆ ಏರಿಸಲು ದಾರಿಯಾಯಿತು. ಮೊದಲ ಸಲವೇ ಕಂಬದ ಮೇಲೆ ಕಟ್ಟಿದ್ದರೆ ದುಬಾರಿಯಾಗುತ್ತಿತ್ತು ಎನ್ನುವವರು, ಕಟ್ಟಿದ್ದನ್ನು ಕಿತ್ತು ಮತ್ತೆ ಕಟ್ಟಿದ ಖರ್ಚನ್ನು ಯಾವ ಬಾಬ್ತಿಗೆ ಹಾಕುತ್ತಾರೋ ತಿಳಿಯದು.

ನಮ್ಮ ಕಡೆಗೆ ಬರೋಣ. ಕರಾವಳಿಯ ಯಾವುದಾದರೂ ಹಿನ್ನೀರು ಬಯಲಿನ ರಸ್ತೆಯಲ್ಲಿ, ಇಳಿತದ ಹೊತ್ತಿಗೆ ಪೈಪ್ ಮೋರಿಯ ಬಳಿ ನಿಂತು ನೋಡಿ. ಒಂದು ಬದಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಇಳಿಯಲು ದಾರಿಯಿಲ್ಲದೆ ನಿಂತ ಕಪ್ಪು ನೀರು, ಅದರಲ್ಲಿ ತೇಲುವ ಪ್ಲಾಸ್ಟಿಕ್. ಇನ್ನೊಂದು ಬದಿ ಪೈಪಿನ ತುಟಿಯಿಂದ ಒಂದೂವರೆ ಅಡಿ ಕೆಳಗೆ ನೀರು ಧುಮುಕಿ ತೋಡಿದ ಗುಂಡಿ. ಗುಂಡಿಯ ಸುತ್ತ ಗಾಳ ಹಿಡಿದ ಹುಡುಗರು. ಅವರು ಅಲ್ಲೇ ಕೂರುವುದಕ್ಕೆ ಕಾರಣವಿದೆ: ಮೇಲಕ್ಕೆ ಹತ್ತಲು ಬಂದ ಮೀನು ಆ ತುಟಿಯನ್ನು ಹಾರಲಾರದೆ ಗುಂಡಿಯಲ್ಲೇ ಸುತ್ತುತ್ತಿರುತ್ತದೆ.

ಆ ಗುಂಡಿ ಹುಟ್ಟುವ ಬಗೆ ಸರಳ. ಹತ್ತು ಅಡಿ ಅಗಲದ ತೋಡನ್ನು ಮೂರು ಅಡಿಯ ಪೈಪಿನಲ್ಲಿ ಹರಿಸಿದರೆ ನೀರಿನ ವೇಗ ಹೆಚ್ಚುತ್ತದೆ, ವೇಗದ ನೀರು ಹೊರಬಾಯಿಯ ಮಣ್ಣನ್ನು ಕೊರೆಯುತ್ತದೆ, ತಳ ತಗ್ಗುತ್ತದೆ, ಪೈಪು ಗಾಳಿಯಲ್ಲಿ ಉಳಿಯುತ್ತದೆ. ಪರಿಹಾರವೂ ಅಷ್ಟೇ ಸರಳ. ಮೋರಿಯ ಅಗಲ ತೋಡಿನ ಅಗಲಕ್ಕಿಂತ ಹೆಚ್ಚಿರಬೇಕು, ತಳ ತೋಡಿನ ತಳಕ್ಕಿಂತ ಕೆಳಗೆ ಹೂತಿರಬೇಕು. ಆಗ ತೋಡಿನ ಮಣ್ಣು, ಕಲ್ಲು ಮೋರಿಯೊಳಗೂ ಹಾಸಿಕೊಳ್ಳುತ್ತದೆ. ಮೀನಿನ ಪಾಲಿಗೆ ಅಲ್ಲಿ ಮೇಲೆ ರಸ್ತೆ ಇದೆ ಎಂಬ ಸುಳಿವೇ ಇರುವುದಿಲ್ಲ. ಒಂದು ಬದಿಗೆ ನೀರಿಗಿಂತ ಎತ್ತರದಲ್ಲಿ ಒಣ ಜಗಲಿ ಬಿಟ್ಟರೆ ನೀರುನಾಯಿ, ಉಡ, ಆಮೆ ರಸ್ತೆ ಹತ್ತದೆ ದಾಟುತ್ತವೆ. ಉಬ್ಬರ ಇಳಿತದ ಬಯಲಿನಲ್ಲಿ ಇಷ್ಟೂ ಸಾಲದು. ಕಿಂಡಿ ಕಿರಿದಾದರೆ ಉಬ್ಬರದ ಉಪ್ಪುನೀರು ಪೂರ್ತಿ ಒಳಗೆ ಬರುವ ಮುಂಚೆ ಇಳಿತ ಶುರುವಾಗುತ್ತದೆ. ಒಳಬದಿಯ ನೀರು ಮಳೆಗಾಲದಲ್ಲಿ ತೀರಾ ಸಿಹಿಯಾಗಿ, ಬೇಸಿಗೆಯಲ್ಲಿ ಹೊಸ ನೀರಿಲ್ಲದೆ ಹಳಸುತ್ತದೆ. ಬಳಚು ನಿಂತಲ್ಲೇ ಬದುಕುವ ಜೀವಿ. ನೀರು ಕೆಟ್ಟರೆ ಎದ್ದು ಹೋಗಲಾರದು.

ರಸ್ತೆ ಮುಳುಗುತ್ತದೆ ಎಂಬ ದೂರು ಬಂದಾಗ ನಾವು ಮಾಡುವ ಚಿಕಿತ್ಸೆಯ ಬಗ್ಗೆಯೂ ಒಂದು ಮಾತು. ಎರಡು ಅಡಿ ಎತ್ತರಿಸುತ್ತೇವೆ. ಮುಂದಿನ ವರ್ಷ ರಸ್ತೆಯ ಮೇಲೆ ಬಸ್ಸು ಓಡುತ್ತದೆ, ಮೇಲ್ಬದಿಯವರ ಕೊಟ್ಟಿಗೆಗೆ ನೀರು ನುಗ್ಗುತ್ತದೆ. ಆ ನೀರು ಮೊದಲು ರಸ್ತೆಯ ಮೇಲೆ ಹಾದು ಹೋಗುತ್ತಿತ್ತು, ಈಗ ಹಿಂದೆ ನಿಲ್ಲುತ್ತಿದೆ. ರಸ್ತೆ ಎತ್ತರಿಸಿದ ಅಧಿಕಾರಿಗೆ ಶಹಬ್ಬಾಸ್, ಕೊಟ್ಟಿಗೆಗೆ ನೀರು ನುಗ್ಗಿದ್ದಕ್ಕೆ ಮಳೆಯ ಮೇಲೆ ಆರೋಪ. ವರ್ಷದಲ್ಲಿ ನಾಲ್ಕಾರು ದಿನ ಮುಳುಗಲು ಬಿಟ್ಟ ತಗ್ಗು ಕಾಂಕ್ರೀಟ್ ರಸ್ತೆ ಎಷ್ಟೋ ಕಡೆ ಇದಕ್ಕಿಂತ ಒಳ್ಳೆಯದು, ಬದಲಿ ದಾರಿ ಇದ್ದರೆ ಮಾತ್ರ. ಬದಲಿ ಇಲ್ಲದ ಊರಿಗೆ ಮುಳುಗುವ ರಸ್ತೆ ಕೊಡುವುದೆಂದರೆ ಹರಿಯುವ ನೀರಿಗೆ ಬೈಕ್ ಇಳಿಸಿ ಎಂದು ಹೇಳಿದಂತೆ. ಅಂಥ ಕಡೆ ಬಯಲಿನ ಮೇಲೂ ಕಂಬ ನಿಲ್ಲಿಸಿ ರಸ್ತೆ ಎತ್ತುವುದೇ ಸರಿ.

ಕಂಬದ ರಸ್ತೆ ಎಂದ ಕೂಡಲೇ ಎಲ್ಲ ಸರಿಹೋಯಿತು ಎಂದುಕೊಳ್ಳುವ ಹಾಗೂ ಇಲ್ಲ. ಕಂಬ ನಿಲ್ಲಿಸಲು ಯಂತ್ರ ಬರಬೇಕು, ಯಂತ್ರ ಬರಲು ದಾರಿ ಬೇಕು. ಗುತ್ತಿಗೆದಾರ ಸೇತುವೆಯ ಪಕ್ಕದಲ್ಲೇ ಕೆಂಪು ಮಣ್ಣು ಸುರಿದು ತಾತ್ಕಾಲಿಕ ರಸ್ತೆ ಮಾಡಿಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಆ ಮಣ್ಣು ತೆಗೆಯುವುದಕ್ಕೆ ಬಿಲ್ಲಿನಲ್ಲಿ ದುಡ್ಡಿರುವುದಿಲ್ಲ. ಸೇತುವೆ ನೀರಿಗೆ ದಾರಿ ಬಿಟ್ಟಿರುತ್ತದೆ, ಪಕ್ಕದ ತಾತ್ಕಾಲಿಕ ದಿಬ್ಬ ಕಾಯಂ ಆಗಿ ತಡೆದಿರುತ್ತದೆ. ನದಿ ದಾಟುವ ಯಾವ ಹೊಸ ಹೆದ್ದಾರಿ ಸೇತುವೆಯ ಕೆಳಗಾದರೂ ಇಣುಕಿ ನೋಡಿ, ಇಂಥ ಪಳೆಯುಳಿಕೆ ಕಾಣಲು ಹೆಚ್ಚು ಹುಡುಕಬೇಕಾಗಿಲ್ಲ.

ಇದಕ್ಕೆ ಉತ್ತರವಿಲ್ಲವೇ? ಇದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ವಾಷಿಂಗ್ಟನ್ ಎಂಬ ಪುಟ್ಟ ಊರಿದೆ, ರಾಜಧಾನಿಯಲ್ಲ. ಅದರ ಬೈಪಾಸ್ ಟಾರ್ ನದಿಯನ್ನೂ ಅದರ ಎರಡೂ ಬದಿಯ ಜೌಗನ್ನೂ ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದದ ಸೇತುವೆಯಲ್ಲಿ ದಾಟುತ್ತದೆ. 2010ರಲ್ಲಿ ತೆರೆದ ಈ ಸೇತುವೆಯನ್ನು ಮೇಲಿನಿಂದಲೇ ಕಟ್ಟಿದರು. ಕಟ್ಟಿ ಮುಗಿಸಿದ ಭಾಗದ ಮೇಲೆ ಭಾರೀ ಉಕ್ಕಿನ ಗ್ಯಾಂಟ್ರಿ ನಿಂತು, ಮುಂದಕ್ಕೆ ಚಾಚಿ, ಮುಂದಿನ ಪೈಲುಗಳನ್ನು ಅಲ್ಲಿಂದಲೇ ಹೊಡೆದು, ತೊಲೆಗಳನ್ನು ಕೂರಿಸಿ, ಮತ್ತೆ ತಾನೇ ಮುಂದೆ ಸರಿಯಿತು. ಸಾಮಗ್ರಿಯೆಲ್ಲ ಬಂದದ್ದು ಆಗಲೇ ಕಟ್ಟಿದ ಸೇತುವೆಯ ಮೇಲಿಂದ. ಜೌಗಿಗೆ ಮಣ್ಣು ಸುರಿಯುವ ಪ್ರಮೇಯವೇ ಬರಲಿಲ್ಲ. ಗ್ಯಾಂಟ್ರಿ ನಮ್ಮವರಿಗೆ ಹೊಸದೇನಲ್ಲ, ಮೆಟ್ರೊ ಕಟ್ಟುವಾಗ ಬೆಂಗಳೂರಿನ ರಸ್ತೆಗಳ ಮೇಲೆ ಎಲ್ಲರೂ ತಲೆಯೆತ್ತಿ ನೋಡಿದ್ದೇವೆ. ನಗರದ ಟ್ರಾಫಿಕ್ ನಿಲ್ಲಬಾರದೆಂದು ತರುವ ಯಂತ್ರವನ್ನು ಹೊಳೆಯ ಹರಿವು ನಿಲ್ಲಬಾರದೆಂದು ತರಲು ಅಡ್ಡಿಯಾಗುವುದು ದರಪಟ್ಟಿ ಮಾತ್ರ.

ಸಣ್ಣ ಕೆಲಸಕ್ಕೆ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ. ಮಣ್ಣಿಗೆ ತಿರುಪಿನಂತೆ ತಿರುಗಿಸಿ ಇಳಿಸುವ ಉಕ್ಕಿನ ಕಂಬಗಳಿವೆ. ಅವುಗಳ ಮೇಲೆ ಸಂದು ಬಿಟ್ಟು ಹಲಗೆ ಹಾಸಿದರೆ ನಡೆಯುವವರಿಗೆ, ಸೈಕಲ್ಲಿಗೆ ದಾರಿಯಾಯಿತು. ಅಗಲಕ್ಕೆ ತಕ್ಕ ಎತ್ತರ ಇಡದಿದ್ದರೆ ಅಡಿಯಲ್ಲಿ ಕತ್ತಲು ಕವಿದು ಹುಲ್ಲು ಸಾಯುತ್ತದೆ, ಅದೊಂದು ಎಚ್ಚರಿಕೆ ಬೇಕು. ಕೆಸರು ನೆಲದಲ್ಲಿ ಮಣ್ಣಿನ ರಸ್ತೆಯೇ ಅನಿವಾರ್ಯವಾದ ಕಡೆ, ತಳಕ್ಕೆ ಜವಳಿಯಂಥ ಜಿಯೋಟೆಕ್ಸ್‌ಟೈಲ್ ಹಾಸಿ ಅದರ ಮೇಲೆ ದಪ್ಪ ಉಂಡೆಗಲ್ಲಿನ ಪದರ ಹಾಕುವ ಪದ್ಧತಿಯೂ ಇದೆ. ಕಲ್ಲುಗಳ ಸಂದಿಯಲ್ಲಿ ನೀರು ರಸ್ತೆಯ ಅಗಲಕ್ಕೂ ಜಿನುಗಿ ದಾಟುತ್ತದೆ. ಇವೆಲ್ಲಕ್ಕೂ ಮೊದಲು ಅಗಲದ ಪ್ರಶ್ನೆ ಬರುತ್ತದೆ. ಶಾಲಾ ವ್ಯಾನು, ಆಂಬುಲೆನ್ಸು, ಮೀನಿನ ಟೆಂಪೊ ಓಡಲು ಒಂಟಿ ಪಥ, ನಡುನಡುವೆ ಎದುರು ಗಾಡಿಗೆ ಸರಿಯಲು ಜಾಗ ಇದ್ದರೆ ಸಾಕು. ದ್ವಿಪಥ ಮಾಡಿಸಿದರೆ ಬರುವುದು ಟಿಪ್ಪರ್.

ನಮ್ಮ ದಕ್ಷಿಣ ಕನ್ನಡದ ಸುಳ್ಯದಲ್ಲೇ ಇದಕ್ಕಿಂತ ಹಗುರವಾದ ಉಪಾಯ ಹುಟ್ಟಿತು. 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಗಿರೀಶ್ ಭಾರದ್ವಾಜ್, ಮುಂದೆ ದೇಶದ ಹಲವು ರಾಜ್ಯಗಳಲ್ಲಿ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಪಡೆದರು. ಎರಡು ದಡದಲ್ಲಿ ಗೋಪುರ, ನಡುವೆ ಉಕ್ಕಿನ ಹಗ್ಗ, ಹಾಸು. ಹೊಳೆಯಲ್ಲಿ ಕಂಬವಿಲ್ಲ, ಬಯಲಲ್ಲಿ ಮಣ್ಣಿಲ್ಲ. ಅದರಲ್ಲಿ ಲಾರಿ ಹೋಗದು ಎಂಬುದನ್ನು ಕೊರತೆ ಎಂದು ಹೇಳುವುದು ರೂಢಿ. ಸಂರಕ್ಷಿತ ಪ್ರದೇಶದ ಮಟ್ಟಿಗೆ ನಾನು ಅದನ್ನು ಗುಣದ ಲೆಕ್ಕಕ್ಕೇ ಹಾಕುತ್ತೇನೆ. ಎರಡೂ ದಡಕ್ಕೆ ರಸ್ತೆ ಬಂದು ನಿಂತು, ನಡುವಿನ ಜೌಗನ್ನು ಕಾಲ್ನಡಿಗೆಯಲ್ಲೋ ಬೈಕಿನಲ್ಲೋ ದಾಟಿ, ಆಚೆ ಗಾಡಿ ಹತ್ತುವ ವ್ಯವಸ್ಥೆ ಎಷ್ಟೋ ಕುದ್ರು, ಕುರ್ವೆಗಳಿಗೆ ಸಾಕಾಗುತ್ತದೆ. ರೋಗಿಯನ್ನು ಸಾಗಿಸಲು ಚಿಕ್ಕ ಬ್ಯಾಟರಿ ಗಾಡಿ ಹೋಗುವಷ್ಟು ಅಗಲ, ಬಲ ಇಟ್ಟರೆ ಆ ಚಿಂತೆಯೂ ನೀಗಿತು.

ರಸ್ತೆಯ ಪ್ರಭಾವ ಕಟ್ಟಿ ಮುಗಿಸಿದ ದಿನಕ್ಕೆ ಮುಗಿಯುವುದಿಲ್ಲ. ಅಸ್ಸಾಂನ ಕಾಜಿರಂಗ ಬ್ರಹ್ಮಪುತ್ರದ ನೆರೆ ಬಯಲು. ನೆರೆ ಬಂದಾಗ ಘೇಂಡಾಮೃಗ, ಜಿಂಕೆ, ಆನೆಗಳು ದಕ್ಷಿಣದ ಕಾರ್ಬಿ ಗುಡ್ಡಗಳಿಗೆ ಹೋಗಬೇಕು, ನಡುವೆ ರಾಷ್ಟ್ರೀಯ ಹೆದ್ದಾರಿ. ಅಲ್ಲಿ ನೆರೆಯ ದಿನಗಳಲ್ಲಿ ವಾಹನಗಳಿಗೆ ಸಮಯದ ಚೀಟಿ ಕೊಡುತ್ತಾರೆ. ಈ ತುದಿಯಲ್ಲಿ ಹೊರಟ ಹೊತ್ತು ಬರೆದಿರುತ್ತದೆ, ಆ ತುದಿಗೆ ಬೇಗ ಮುಟ್ಟಿದರೆ ವೇಗ ಮೀರಿದ್ದಕ್ಕೆ ದಂಡ. ಖರ್ಚಿಲ್ಲದ ಜಾಣ ಉಪಾಯ. 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಆ ಹೆದ್ದಾರಿಯ ಸುಮಾರು 34 ಕಿಲೋಮೀಟರನ್ನು ಕಂಬಗಳ ಮೇಲೆ ಎತ್ತುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಲ್ಲಿಸಿದ ನಾವು, ರಸ್ತೆಗೂ ಹೊತ್ತುಗೊತ್ತು ಇಡಬಹುದು ಎಂಬುದನ್ನು ದೇಶಕ್ಕೇ ತೋರಿಸಿದವರು. ಜೌಗಿನ ರಸ್ತೆಗಳಲ್ಲಿ ಬೀದಿದೀಪ ಬೇಡ, ಮೊದಲ ಮಳೆಯ ರಾತ್ರಿಗಳಲ್ಲಿ ಕಪ್ಪೆಗಳು ದಾಟುವ ಹೊತ್ತಿಗೆ ಗೇಟು ಬೀಳಲಿ ಎನ್ನುವುದು ಅತಿಯಾದ ಬೇಡಿಕೆ ಅಲ್ಲ.

ರಸ್ತೆಗಿಂತ ನನಗೆ ಹೆಚ್ಚು ಭಯ ಅದರ ಹಿಂದೆ ಬರುವವರದು. ಡಾಂಬರು ಒಣಗುವ ಮುಂಚೆ ಇಕ್ಕೆಲದ ಗದ್ದೆಗೆ ಮಣ್ಣು ಬೀಳುತ್ತದೆ; ಮೊದಲು ಚಹಾದಂಗಡಿ, ಆಮೇಲೆ ಹೋಮ್‌ಸ್ಟೇ, ಕೊನೆಗೆ ಸೈಟು. ರಸ್ತೆಯನ್ನು ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಆಗ ನೀರಿಗೆ ದಾರಿ ಇರುವುದಿಲ್ಲ. ಕಂಬದ ರಸ್ತೆಯ ಬಹುದೊಡ್ಡ ಲಾಭ ಇಲ್ಲಿದೆ: ಸೇತುವೆಯ ಮೇಲಿಂದ ಯಾರೂ ಪಕ್ಕದ ಗದ್ದೆಗೆ ಗಾಡಿ ತಿರುಗಿಸಲಾರರು.

ಕಾನೂನು ಏನು ಹೇಳುತ್ತದೆ? 2017ರ ಜೌಗು ಪ್ರದೇಶ ನಿಯಮಗಳ ಪ್ರಕಾರ, ಹತ್ತು ವರ್ಷಗಳ ಸರಾಸರಿ ನೆರೆ ಮಟ್ಟದಿಂದ ಐವತ್ತು ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟು ಬೇರೆ ಕಾಯಂ ನಿರ್ಮಾಣ ಸಲ್ಲದು. ಕೇಳಲು ಬಿಗಿಯಾಗಿದೆ. ಆದರೆ ನದಿಯ ಪಾತ್ರ, ಭತ್ತದ ಗದ್ದೆ, ಉಪ್ಪಿನಾಗರಗಳನ್ನು ಅದೇ ನಿಯಮ ಜೌಗು ಎಂದು ಎಣಿಸುವುದಿಲ್ಲ, ಕರಾವಳಿ ನಿಯಂತ್ರಣ ವಲಯವನ್ನೂ ಹೊರಗಿಟ್ಟಿದೆ. ಅಳಿವೆಗೆ ಅನ್ವಯಿಸುವ 2019ರ ಕರಾವಳಿ ವಲಯ ಅಧಿಸೂಚನೆ, ಅತಿ ಸೂಕ್ಷ್ಮ ಭಾಗದಲ್ಲಿ ದೇಶರಕ್ಷಣೆ, ಸಾರ್ವಜನಿಕ ಉಪಯೋಗದಂಥ ಅಪರೂಪದ ಸಂದರ್ಭಕ್ಕೆ ರಸ್ತೆಗೆ ಅವಕಾಶ ಕೊಟ್ಟು, ನಾಶವಾದ ಕಾಂಡ್ಲಾದ ಮೂರು ಪಟ್ಟು ನೆಡಬೇಕು ಎನ್ನುತ್ತದೆ. ಮೂರು ಪಟ್ಟು ಎಂಬುದು ಕಡತಕ್ಕೆ ಒಪ್ಪುವ ಲೆಕ್ಕ. ಬಳಚು ಹೆಕ್ಕುವ ಕೆಸರು ದಿಬ್ಬದ ಮೇಲೆ ಒಂದೇ ಜಾತಿಯ ಸಸಿ ನೆಟ್ಟು ಫೋಟೊ ಹೊಡೆದರೆ ಕಾಂಡ್ಲಾವೂ ನಿಲ್ಲದು, ಬಳಚೂ ಉಳಿಯದು. ಭಾರತೀಯ ವನ್ಯಜೀವಿ ಸಂಸ್ಥೆ 2016ರಲ್ಲೇ ರಸ್ತೆ, ರೈಲು, ವಿದ್ಯುತ್ ಮಾರ್ಗಗಳಿಗೆ ವಿವರವಾದ ಮಾರ್ಗಸೂಚಿ ಮಾಡಿಕೊಟ್ಟಿದೆ. ಅಂಥದ್ದನ್ನು ತಾಲ್ಲೂಕು ಮಟ್ಟದ ಎಂಜಿನಿಯರರ ಮೇಜಿಗೆ ಕನ್ನಡದಲ್ಲಿ ತಲುಪಿಸುವ ಕೆಲಸ ಸರ್ಕಾರದ್ದು.

ಅಲ್ಲಿಯವರೆಗೆ ಕೆಲಸ ಊರಿನವರದೇ. ನಿಮ್ಮ ಪಂಚಾಯಿತಿಗೆ ಹೊಳೆಬಯಲು ದಾಟುವ ರಸ್ತೆಯ ಪ್ರಸ್ತಾವ ಬಂದರೆ, ಗುದ್ದಲಿಪೂಜೆಗೆ ಮೊದಲೇ ಗ್ರಾಮಸಭೆಯಲ್ಲಿ ನಕ್ಷೆ ಬಿಡಿಸಿ ತೋರಿಸಲು ಹೇಳಿ. ಮಳೆಗಾಲದ ನೀರು ಎಲ್ಲಿಂದ ಎಲ್ಲಿಯವರೆಗೆ ಹರಡುತ್ತದೆ ಎಂದು ಊರಿನ ಮೀನುಗಾರರನ್ನು, ಗದ್ದೆಯವರನ್ನು ಕೂರಿಸಿಕೊಂಡು ಅದೇ ನಕ್ಷೆಯ ಮೇಲೆ ಗುರುತು ಹಾಕಿಸಿ. ಆ ಅಗಲದಲ್ಲಿ ಎಷ್ಟು ಭಾಗ ತೆರವಿದೆ, ಎಷ್ಟು ಭಾಗ ಮಣ್ಣು, ಮೋರಿಯ ತಳ ತೋಡಿನ ತಳಕ್ಕಿಂತ ಎಷ್ಟು ಕೆಳಗೆ, ತಾತ್ಕಾಲಿಕ ಮಣ್ಣು ತೆಗೆಯಲು ಅಂದಾಜು ಪಟ್ಟಿಯಲ್ಲಿ ಎಷ್ಟು ಹಣ ಇಟ್ಟಿದ್ದಾರೆ ಎಂದು ಕೇಳಿ. ಉತ್ತರವನ್ನು ಠರಾವಿನಲ್ಲಿ ಬರೆಸಿ, ನಕಲು ಪಡೆದು ಇಟ್ಟುಕೊಳ್ಳಿ.